ಸೋಮವ್ವನ ಬೆನ್ನು

ಅಕ್ಕಲಕೋಟೆಯ ಬಸಯ್ಯ ಶಾಸ್ತ್ರಿಗಳಿಗೆ ಇಹದಲ್ಲಿ ಎರಡರ ಮೇಲೆ ವ್ಯಾಮೋಹವಿತ್ತು: ಒಂದು ಕೊರಳಿನ ಇಷ್ಟಲಿಂಗ, ಇನ್ನೊಂದು ತರ್ಕ. ಮೊದಲನೆಯದು ವ್ಯಾಮೋಹವಲ್ಲ, ಭಕ್ತಿ ಎಂದು ಅವರೇ ತಿದ್ದುತ್ತಿದ್ದರು. ಎರಡನೆಯದನ್ನು ತಿದ್ದುವ ಧೈರ್ಯ ಅವರಿಗೂ ಇರಲಿಲ್ಲ. ಕಾಶಿಯಲ್ಲಿ ಹನ್ನೊಂದು ವರ್ಷ ನ್ಯಾಯಶಾಸ್ತ್ರವನ್ನು ಅರೆದು ಕುಡಿದು ಬಂದವರು. ಪಾಠಶಾಲೆಯಲ್ಲಿ ಮೂವತ್ತು ವರ್ಷ ಅದನ್ನೇ ಮಕ್ಕಳಿಗೆ ಗುಟುಕು ಗುಟುಕಾಗಿ ಕುಡಿಸಿದವರು. ಅಡುಗೆಮನೆಯ ಒಲೆ ಹೊಗೆಯಾಡಿದರೂ ಸಾಕು, ಹೊಸ್ತಿಲಲ್ಲಿ ನಿಂತು ಬೆಂಕಿಗೂ ಹೊಗೆಗೂ ಇರುವ ಸಂಬಂಧವನ್ನು ವಿವರಿಸತೊಡಗುವರು. ಆಗ ಹೆಂಡತಿ ಲಕ್ಷ್ಮೀಬಾಯಿ, "ನಿಮ್ಮ ಶಾಸ್ತ್ರಾ ಹಂಗ ಇರ್ಲಿ, ಮೊದಲ ಆ ಊದುಗೊಳವಿ ಕೊಡ್ರಿ" ಎನ್ನುವಳು.

ಹತ್ತೊಂಬತ್ತು ನೂರ ಐವತ್ತೆಂಟರ ಶ್ರಾವಣದ ಒಂದು ಮಂಗಳವಾರ, ಶಾಸ್ತ್ರಿಗಳು ಪೂಜೆ ಮುಗಿಸಿ ಪಡಸಾಲೆಗೆ ಬರುವ ಹೊತ್ತಿಗೆ ಕರಜಗಿಯ ಖಂಡಪ್ಪ ಬಾಗಿಲಲ್ಲಿ ಕಂಬಳಿ ಹಾಸಿ ಕುಳಿತಿದ್ದ. ಕುರಿ ಕಾಯುವ ಮನೆತನದ ಹಿರಿಯ, ಬೀರೋಬಾನ ಭಕ್ತ, ಮೀಸೆ ಮಾತ್ರ ಕೋಟೆಯ ಕೊತ್ತಲದಂತೆ. ಅವನ ಹಿಂದೆ, ಕಂಬದ ಮರೆಯಲ್ಲಿ, ಮುಖದ ಮೇಲೆ ಸೆರಗೆಳೆದುಕೊಂಡು ಸೊಸೆ ಸೋಮವ್ವ ಇದ್ದಳು. ಅವಳಿಂದ ಒಂದು ಮಾರು ದೂರದಲ್ಲಿ ಆರು ವರ್ಷದ ಹುಡುಗಿ ಗುರುಬಾಯಿ, ಅಂಗಳದ ಹರಳುಗಳನ್ನು ಆರಿಸಿ ತಂದು ನೇರವಾದ ಒಂದು ಸಾಲು ಇಡುತ್ತಿದ್ದಳು.

"ಏನೋ ಖಂಡಪ್ಪ, ಕುರಿ ಬಿಟ್ಟು ಬಂದೀಯಲ್ಲ?"

"ಶರಣ್ರಿ ಅಯ್ಯನೋರ. ಕುರಿ ಮಗ ಕಾಮಣ್ಣನ ಕೂಡ ಭೀಮಾ ದಂಡೀಗಿ ಹೋಗ್ಯಾವರಿ. ದೊಡ್ಡ ಮೊಮ್ಮಕ್ಕಳಿಬ್ಬರೂ ಅಪ್ಪನ ಕೂಡ ಅದಾರ. ನಾ ಈ ಕೂಸಿನ ಸಲುವಾಗಿ ಬಂದೀನಿ."

ಕೂಸಿನ ಕಥೆ ಶಾಸ್ತ್ರಿಗಳಿಗೆ ಹೊಸದಲ್ಲ. ಗುರುಬಾಯಿ ಹುಟ್ಟಿದಾಗಿನಿಂದ ಒಂದು ಮಾತನ್ನೂ ಆಡಿದವಳಲ್ಲ, ಕರೆದರೆ ತಿರುಗುವವಳಲ್ಲ, ಯಾರ ಮುಖವನ್ನೂ ದಿಟ್ಟಿಸುವವಳಲ್ಲ. ಕಿವುಡಿಯೇ ಎಂದರೆ, ಪಕ್ಕದ ಮನೆಯಲ್ಲಿ ಯಾರಾದರೂ ಉಣ್ಣೆ ನೂಲುವ ತಕಲಿಯನ್ನು ತಿರುಗಿಸಿದರೆ ಸಾಕು, ಆ ಸಣ್ಣ ಗುಂಯ್‌ಗುಡುವಿಕೆಗೆ ಎಲ್ಲಿದ್ದರೂ ಓಡಿ ಬರುವಳು. ಎರಡು ವರ್ಷದ ಹಿಂದೆ ಖಂಡಪ್ಪ ಇದರ ಕಾರಣ ಕೇಳಲು ಬಂದಿದ್ದಾಗ, ಶಾಸ್ತ್ರಿಗಳು ಕಣ್ಣು ಮುಚ್ಚಿ, ತೆರೆದು, "ತಾಯಿಯ ಪೂರ್ವಕರ್ಮ" ಎಂದು ಹೇಳಿ ವಿಭೂತಿ ಕೊಟ್ಟು ಕಳಿಸಿದ್ದರು. ಹೇಳುವಾಗ ಆ ಮಾತು ಬಹಳ ಗಂಭೀರವಾಗಿ ಕೇಳಿಸಿತ್ತು.

ಖಂಡಪ್ಪ ಈಗ ಅಂಗಿಯ ಒಳಗಿನಿಂದ ಒಂದು ಕಾಗದ ತೆಗೆದು ಮುಂದಿಟ್ಟ. "ಸೊಲ್ಲಾಪುರದಾಗ ಡಾಕ್ಟರ್ ಶಾಂತಲಿಂಗಪ್ಪನೋರ ಅದಾರಲ್ರಿ, ನಿಮ್ಮ ಸಾಲ್ಯಾಗ ಕಲತಾವ್ರು? ಮೂರು ಸಲ ತಪಾಸ ಮಾಡಿದ್ರು. ಕೂಸಿನ್ನ ಒಂದು ವರ್ಷ ಬಾಲಗೃಹದಾಗ ಇಡಬೇಕಂತ. ಮೊದಲಿನ ಆರು ತಿಂಗಳ ತಾಯಿ ಮಾರಿ ತೋರಸಬಾರದಂತ. ಶುಕ್ರವಾರ ನಾ ಇದಕ್ಕ ಹೆಬ್ಬೆಟ್ಟ ಒತ್ತಬೇಕು. ನೀವು ಹೂಂ ಅಂದ್ರ ಒತ್ತತೀನಿ, ಬ್ಯಾಡ ಅಂದ್ರ ಬಿಡತೀನಿ."

"ತಾಯಿ ಮುಖ ಯಾಕ ತೋರಸಬಾರದು?"

"ಸೊಸಿಗಿ ಕೂಸಿನ ಮ್ಯಾಲ ಮಾಯಾ ಮಮತಾ ಇಲ್ಲಂತರಿ. ಅದಕ್ಕ ಕೂಸು ಹಿಂಗಾಗೈತಂತ."

ಶಾಸ್ತ್ರಿಗಳು ಕೈಬೆರಳು ಮಡಿಚುತ್ತ ಲೆಕ್ಕ ಹಾಕಿದರು. ಖಂಡಪ್ಪನ ಹೆಂಡತಿ ಗಂಗುಬಾಯಿಯ ಪ್ರಕಾರ, ಬಸುರಿ ಸೋಮವ್ವ ಗ್ರಹಣದ ಹೊತ್ತಿನಲ್ಲಿ ಕುಡುಗೋಲು ಹಿಡಿದದ್ದು ಕಾರಣ. ಖಂಡಪ್ಪನ ಪ್ರಕಾರ, ಬೀರೋಬಾನಿಗೆ ಮೀಸಲಿಟ್ಟ ಕಂಬಳಿಯನ್ನು ಸೋಮವ್ವ ತಿಳಿಯದೆ ತುಳಿದದ್ದು ಕಾರಣ. ತಮ್ಮ ಪ್ರಕಾರ ಸೋಮವ್ವನ ಪೂರ್ವಕರ್ಮ. ಈಗ ಡಾಕ್ಟರರ ಪ್ರಕಾರ ಸೋಮವ್ವನ ಎದೆ.

ಆಗ ಕಂಬದ ಮರೆಯಿಂದ ಸಣ್ಣ ದನಿಯೊಂದು ಕೇಳಿಸಿತು. ಸೋಮವ್ವ ಹಿರಿಯರಿಗೆ ನೇರವಾಗಿ ಹೇಳುವವಳಲ್ಲ, ಕಂಬಕ್ಕೆ ಹೇಳಿದಳು.

"ನಾಕು ಮಂದಿ ನಾಕು ದಾರಿ ಹಿಡದು ಕಾರಣಾ ಹುಡುಕಾಕ ಹೋದ್ರು. ನಾಕೂ ದಾರಿ ಬಂದು ನನ್ನ ಮುಂದನ ನಿಂತ್ವು. ನನ್ನ ಬಿಟ್ಟು ಮೂರು ಲೋಕದಾಗ ಬ್ಯಾರೆ ಕಾರಣಾನ ಇಲ್ಲೇನ್ರಿ? ಕೂಸಿನ್ನ ಒಯ್ದ್ರ ಆಕಿ ಅಳೂದಿಲ್ಲರಿ. ಅಳಾಕ ಬರೂದಿಲ್ಲ ಆಕಿಗಿ. ಉಣ್ಣೂದು ಬಿಡತಾಳ."

ಶಾಸ್ತ್ರಿಗಳಿಗೆ ಅನ್ನದಲ್ಲಿ ನಾಲ್ಕು ಕಲ್ಲು ಸಿಕ್ಕಂತಾಯಿತು. ಆ ಕಲ್ಲುಗಳಲ್ಲಿ ಒಂದನ್ನು ತಾವೇ ಹಾಕಿದ್ದೆಂಬುದು ಇನ್ನಷ್ಟು ಕಿರಿಕಿರಿ.

"ಶುಕ್ರವಾರ ನಾನೂ ಬರ್ತೀನಿ. ಶಾಂತಲಿಂಗನ ಕೂಡ ವಾದಾ ಮಾಡದ ಭಾಳ ವರ್ಷಾತು" ಎಂದರು.

ಶುಕ್ರವಾರ ಎಸ್.ಟಿ. ಬಸ್ಸು ಸೊಲ್ಲಾಪುರ ಮುಟ್ಟುವಾಗ ಗಿರಣಿಯ ಭೋಂಗಾ ಕೂಗುತ್ತಿತ್ತು. ಗುರುಬಾಯಿ ಎರಡೂ ಕಿವಿ ಮುಚ್ಚಿಕೊಂಡಳು. ಡಾಕ್ಟರ್ ಶಾಂತಲಿಂಗಪ್ಪನವರ ದವಾಖಾನೆ ಎರಡೇ ಕೋಣೆಯದು. ಹಿಂದೆ ಬೇವಿನ ಮರವಿರುವ ಸಣ್ಣ ಅಂಗಳ. ನಾಗಣಸೂರಿನ ಜಮೀನ್ದಾರರ ಮಗ, ಶಾಸ್ತ್ರಿಗಳಲ್ಲಿ ನಾಲ್ಕು ವರ್ಷ ಸಂಸ್ಕೃತ ಕಲಿತು, ಮುಂಬಯಿಯಲ್ಲಿ ವೈದ್ಯನಾಗಿ, ಮಕ್ಕಳ ಮನಸ್ಸಿನ ರೋಗಗಳ ವಿಷಯದಲ್ಲಿ ವಿಲಾಯತಿಗೂ ಹೋಗಿ ಬಂದವನು. ಗುರುಗಳನ್ನು ಕಂಡೊಡನೆ ಎದೆಬಡಿತ ಕೇಳುವ ಕೊರಳಿನ ನಳಿಗೆ ಸಮೇತ ಪಾದಕ್ಕೆ ಬಾಗಿದ.

"ಗುರುಗಳ, ನೀವ್ಯಾಕ ತ್ರಾಸ ತೊಗೊಂಡ್ರಿ? ಒಂದು ಚೀಟಿ ಕಳಿಸಿದ್ರ ನಾನ ಬರತಿದ್ನೆಲ್ಲ."

"ಚೀಟಿ ಕೂಡ ವಾದಾ ಮಾಡಾಕ ಬರೂದಿಲ್ಲೋ ಶಾಂತಲಿಂಗಾ."

ಖಂಡಪ್ಪನೂ ತಾಯಿಮಗಳೂ ಅಂಗಳದ ಕಟ್ಟೆಯ ಮೇಲೆ ಕುಳಿತರು. ಗುರುಶಿಷ್ಯರು ಒಳಗಿನ ಕೋಣೆಯಲ್ಲಿ, ಮೇಜಿನ ಆಚೆಗೊಬ್ಬರು ಈಚೆಗೊಬ್ಬರು, ಮಲ್ಲರಂತೆ ಸಜ್ಜಾದರು.

"ಈ ಸ್ಥಿತಿಗೆ ಹೆಸರಿಟ್ಟು ಹದಿನೈದು ವರ್ಷ ಆಗೇದ ಅಷ್ಟ" ಎಂದ ಡಾಕ್ಟರ್. "ಆಟಿಝಮ್ ಅಂತಾರ. ಕೂಸು ತನ್ನೊಳಗ ತಾನ ಬಾಗಲಾ ಹಾಕ್ಕೊಂಡು ಕೂಡತದ. ಯಾಕಂದ್ರ ಹೊರಗ ಥಂಡಿ. ತಾಯಿ ಎದ್ಯಾಗ ಕಾವು ಇಲ್ಲದಿದ್ರ ಕೂಸು ಒಳಗಿಂದೊಳಗ ಮುದುಡತದ ಅಂತ ಅಮೆರಿಕಾದಾಗ ದೊಡ್ಡ ದೊಡ್ಡಾವ್ರು ಬರದಾರ."

"ಅಲ್ಲಿ ಎಲ್ಲಾರೂ ಒಪ್ಪ್ಯಾರೇನು?"

ಶಾಂತಲಿಂಗಪ್ಪ ಸುಳ್ಳು ಹೇಳುವವನಲ್ಲ. "ಇಲ್ಲರಿ. ಕೂಸು ಹುಟ್ಟತನ ಹಂಗ ಇರತದ, ಮಿದುಳಿನ ಕಟ್ಟಣಿನ ಬ್ಯಾರೆ ಅನ್ನಾವ್ರೂ ಅದಾರ. ಆದ್ರ ಸದ್ಯ ತಾಯಿ ಕಡೆ ಬಟ್ಟು ಮಾಡಾವ್ರ ಹೆಚ್ಚು."

"ಹೆಚ್ಚು ಮಂದಿ ಅಂದದ್ದಕ್ಕ ಸಿದ್ಧಾಂತ ಆಗೂದಾದ್ರ, ಜಾತ್ರ್ಯಾಗ ಎಲ್ಲಾ ಸಿದ್ಧಾಂತ ತೀರ್ತಿದ್ವು. ಹೆತ್ತವರಿಗೆ ಹೆಗ್ಗಣಾ ಮುದ್ದು ಅಂತಾರ. ಇಕಿ ಹೆತ್ತದ್ದು ಚಂದ್ರನ ತುಣುಕಿನಂಥಾ ಹುಡುಗಿ."

"ಗಾದಿಮಾತು ಪ್ರಮಾಣಾ ಆಗೂದಿಲ್ಲ ಅಂತ ಬೆತ್ತಾ ಹಿಡಕೊಂಡು ಕಲಿಸಿದಾವ್ರು ನೀವ!"

ಶಾಸ್ತ್ರಿಗಳು ನಕ್ಕರು. ತಾವೇ ಹರಿತಗೊಳಿಸಿದ ಕತ್ತಿ ತಮ್ಮ ಮೇಲೆಯೇ ಬೀಸುವುದನ್ನು ಕಂಡು ಅವರಿಗೆ ಒಳಗೊಳಗೇ ಹೆಮ್ಮೆ. ಆದರೆ ಶಿಷ್ಯನು ಮುಂದಿನ ಏಟಿಗೆ ತನ್ನ ವಹಿಯನ್ನು ತೆರೆದ. ಮೂರು ಭೇಟಿ, ಒಂದೊಂದರಲ್ಲಿ ಅರ್ಧ ಗಂಟೆ ಅವನು ಕುಳಿತು ನೋಡಿದ್ದನ್ನೆಲ್ಲ ಬರೆದಿಟ್ಟಿದ್ದ. ತಾಯಿ ಕೂಸಿನಿಂದ ಒಂದು ಮಾರು ದೂರ ಕುಳಿತಳು. ಕೂಸನ್ನು ಒಂದು ಸಲವೂ ಹೆಸರು ಹಿಡಿದು ಕರೆಯಲಿಲ್ಲ. ಕೂಸು ಬೆಂಚಿನಿಂದ ಬಿತ್ತು, ತಾಯಿ ಕೈ ಚಾಚಿ, ಹಿಂದೆಳೆದುಕೊಂಡಳು, ಎತ್ತಿದವನು ಅಜ್ಜ. ಎರಡನೆಯ ಸಲ ಕೂಸು ಹತ್ತಿರ ಬಂದಾಗ ತಾಯಿ ಬೆನ್ನು ತಿರುಗಿಸಿ ಕುಳಿತಳು.

"ಇದು ಊಹಾ ಅಲ್ಲರಿ ಗುರುಗಳ. ಪ್ರತ್ಯಕ್ಷ. ನನಗೂ ಕೆಟ್ಟ ಅನಸತದ. ಆದ್ರ ಕೂಸಿನ ಹಿತಾ ನೋಡಬೇಕಲ್ಲ?"

ಶಾಸ್ತ್ರಿಗಳು ತೆರೆದ ವಹಿಯನ್ನೇ ದಿಟ್ಟಿಸಿದರು. ಪ್ರತ್ಯಕ್ಷವು ಪ್ರಮಾಣಗಳಲ್ಲೆಲ್ಲ ಜ್ಯೇಷ್ಠ. ಮೂವತ್ತು ವರ್ಷ ಹಾಗೆ ಬೋಧಿಸಿ ಇಂದು ಒಬ್ಬ ಕುರುಬರ ಹೆಣ್ಣುಮಗಳಿಗಾಗಿ ಅದನ್ನು ಅಲ್ಲವೆನ್ನುವುದು ಹೇಗೆ? ಮೇಜಿನ ಮೇಲೆ ಆ ಕಾಗದ ಬಿದ್ದಿತ್ತು. ಪಕ್ಕದಲ್ಲಿ ಹೆಬ್ಬೆಟ್ಟಿಗೆಂದು ಮಸಿಯ ಡಬ್ಬಿ ಬಾಯ್ದೆರೆದಿತ್ತು. ಅವರು ನೀರು ಕುಡಿಯಲು ಎದ್ದರು. ನೀರಿನ ಗಡಿಗೆ ಇದ್ದದ್ದು ಅಂಗಳದ ಕಡೆಯ ಜಾಲಂದರದ ಕೆಳಗೆ; ಆ ಜಾಳಿಗೆಯ ಕಿಂಡಿಯಿಂದ ಅಂಗಳವೆಲ್ಲ ಕಾಣುತ್ತಿತ್ತು.

ಅದೇ ಹೊತ್ತಿಗೆ ಅಂಗಳದಲ್ಲಿ ಖಂಡಪ್ಪನ ಬಾಯಿ ತಂಬಾಕಿನಿಂದ ತುಂಬಿತ್ತು. ಉಗುಳಲು ಅವನು ಎದ್ದು ಬೀದಿಯ ಕಡೆಗೆ ಹೋದ.

ಅವನ ಕಂಬಳಿಯ ತುದಿ ಬಾಗಿಲಾಚೆ ಮರೆಯಾದದ್ದೇ ತಡ, ಸೋಮವ್ವನ ಸೆರಗು ಹಿಂದೆ ಸರಿಯಿತು. ಅವಳು ಕಟ್ಟೆಯಿಂದ ಜಾರಿ ನೆಲದ ಮೇಲೆ ಕುಳಿತು, ಮಗಳ ಕಡೆಗೆ ಬೆನ್ನು ಮಾಡಿ, ಬೆರಳಿನಿಂದ ನೆಲವನ್ನು ಎರಡು ಸಲ ತಟ್ಟಿದಳು. ಯಾರು ಕರೆದರೂ ತಿರುಗದ ಗುರುಬಾಯಿ ಹರಳುಗಳನ್ನು ಬಿಟ್ಟು ಬಂದಳು. ತಾಯಿಯ ಬೆನ್ನಿಗೆ ತನ್ನ ಬೆನ್ನು ಹಚ್ಚಿ ಕುಳಿತಳು. ಸೋಮವ್ವ ತಕಲಿಯಂತೆಯೇ ಗಂಟಲಲ್ಲಿ ಗುಂಯ್‌ಗುಡುತ್ತ ಮೆಲ್ಲಗೆ ತೂಗತೊಡಗಿದಳು. ಹಿಂದಕ್ಕೆ ಕೈ ಚಾಚಿ ಮಗಳ ಹಿಮ್ಮಡಿಯನ್ನು ಒತ್ತಿ ಹಿಡಿದಳು. ಹುಡುಗಿಯ ಮುಖದಲ್ಲಿ, ಮೂರು ತಾಸಿನಲ್ಲಿ ಶಾಸ್ತ್ರಿಗಳು ಕಾಣದಿದ್ದ ಒಂದು ನಗೆ, ಹಾಲು ಉಕ್ಕಿದಂತೆ ಉಕ್ಕಿತು.

ಬಾಗಿಲಲ್ಲಿ ಖಂಡಪ್ಪ ಕೆಮ್ಮಿದ. ಸೆರಗು ಇಳಿಯಿತು, ಸೋಮವ್ವ ಕಟ್ಟೆಯ ಮೇಲಿದ್ದಳು, ಒಂದು ಮಾರು ದೂರ, ಮೊದಲಿನಂತೆ.

ಪರಸ್ತ್ರೀಯನ್ನು ಮರೆಯಲ್ಲಿ ನಿಂತು ನೋಡಿದ ಪಾಪಕ್ಕೆ ಶಾಸ್ತ್ರಿಗಳು "ಶಿವ ಶಿವಾ" ಎಂದು ಎರಡೂ ಕೆನ್ನೆ ಬಡಿದುಕೊಂಡರು. ಬಡಿದುಕೊಂಡ ಕೈಯಿಂದಲೇ ಶಿಷ್ಯನ ಭುಜ ಹಿಡಿದೆಳೆದರು.

"ಉಪಾಧಿ! ಶಾಂತಲಿಂಗಾ, ಉಪಾಧಿ! ನಡುವ ಬ್ಯಾರೊಂದು ಬಂದು ಕೂಡೈತಿ. ಬೆಂಕಿ ಇದ್ದಲ್ಲೆಲ್ಲ ಹೊಗಿ ಇರೂದಿಲ್ಲ. ಕಾದ ಕಬ್ಬಿಣದ ಗುಂಡಿನ್ಯಾಗ ಬೆಂಕಿ ಇರತದ, ಹೊಗಿ ಎಲ್ಲಿ? ಬೆಂಕಿಗೆ ಹಸಿ ಕಟ್ಟಿಗಿ ಕೂಡಿದ್ರ ಹೊಗಿ. ನೀ ನೋಡಿದ್ದು ಹೊಗಿ ಖರೆ, ಬೈದದ್ದು ಬೆಂಕೀಗಿ. ಹಸಿ ಕಟ್ಟಿಗಿ ಅಲ್ಲಿ ಮೀಸಿ ತಿರುವಾಕತ್ತೈತಿ ನೋಡು!"

ಡಾಕ್ಟರನಿಗೆ ಅರ್ಥವಾಗಲಿಲ್ಲ. ಶಾಸ್ತ್ರಿಗಳು ಜಾಲಂದರದಿಂದ ಕೂಗಿದರು: "ಖಂಡಪ್ಪಾ, ಬೀದಿ ತುದೀಗಿ ಟಾಂಗಾ ನಿಂತೈತೇನು ನೋಡಿ ಬಾ!"

ಖಂಡಪ್ಪ ಹೋದ. ಸೆರಗು ಸರಿಯಿತು, ಬೆನ್ನಿಗೆ ಬೆನ್ನು ಹತ್ತಿತು. ಖಂಡಪ್ಪ ಬಂದ. ಸೆರಗು ಇಳಿಯಿತು.

"ನಿಂತೈತ್ರಿ."

"ಟಾಂಗಾದಾಂವ ಅದಾನೇನು?"

ಹೋದ. ಸರಿಯಿತು. ಬಂದ. ಇಳಿಯಿತು. ಈಗ ಡಾಕ್ಟರನ ಮೂಗೂ ಜಾಲಂದರಕ್ಕೆ ಅಂಟಿತ್ತು. ಒಂದು ಕೈಯಲ್ಲಿ ವಹಿ, ಇನ್ನೊಂದರಲ್ಲಿ ಗಡಿಯಾರ. "ಇನ್ನೊಮ್ಮೆ, ಗುರುಗಳ" ಎಂದು ಅವನೇ ಪಿಸುಗುಟ್ಟಿದ. "ಅಂವ ಇದ್ರ ಹಿಂಗ, ಇಲ್ಲದಿದ್ರ ಹಂಗ, ಅನ್ವಯ ವ್ಯತಿರೇಕ ಎರಡೂ ನಕ್ಕಿ ಆಗಬೇಕು."

"ಖಂಡಪ್ಪಾ, ಕುದರಿ ಬಣ್ಣ ಯಾವುದು?"

ಮೂರನೆಯ ಸಲ ಖಂಡಪ್ಪ ಹೋಗಿ ಬಂದವನು ಅಂಗಳದಲ್ಲಿ ನಿಲ್ಲಲಿಲ್ಲ; ನೆಟ್ಟಗೆ ಒಳಗೇ ನುಗ್ಗಿದ. "ಕುದರಿ ಕೆಂಪ ಐತ್ರಿ. ಬಾಲದಾಗ ಕೂದಲಾ ಎಷ್ಟು ಅಂತಾನೂ ಎಣಸಿ ಬರ್ಲೇನು? ಅಯ್ಯನೋರ, ನೀವು ನನ್ನ ಕೂಸಿನ ಸಲುವಾಗಿ ಬಂದೀರೋ, ಕುದರಿ ಖರೀದಿಗಿ ಬಂದೀರೋ?"

ಡಾಕ್ಟರ್ ಅವನನ್ನು ಕೂರಿಸಿ ಕೇಳಿದ: "ಖಂಡಪ್ಪಾ, ನೀ ಇದ್ದಾಗ ನಿನ್ನ ಸೊಸಿ ಕೂಸಿನ್ನ ಮುಟ್ಟೂದಿಲ್ಲ, ಯಾಕ?"

ಖಂಡಪ್ಪ ಇಂಥ ಪ್ರಶ್ನೆಯನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಮಾವನ ಮುಂದ ತನ್ನ ಕೂಸಿನ್ನ ತಾನ ಮುದ್ದು ಮಾಡತಾರೇನ್ರಿ ಡಾಕ್ಟರ ಸಾಹೇಬ್ರ? ಮಂದಿ ಏನಂದಾರು? ನಮ್ಮ ಸೊಸಿ ಹಂಥಾಕಿ ಅಲ್ರಿ. ಭಾಳ ಮರ್ಯಾದಿ ಹುಡುಗಿ. ಗಿಡದಿಂದ ಕೂಸು ಬಿದ್ರೂ ನನ್ನ ಮುಂದ ಎತ್ತಾಕಿ ಅಲ್ಲ!" ಎಂದು ಎದೆಯುಬ್ಬಿಸಿ ಹೇಳಿ, ಇಬ್ಬರ ಮುಖ ನೋಡಿ, ಕ್ರಮೇಣ ಮೀಸೆಯನ್ನು ಇಳಿಬಿಟ್ಟ. "ಅಂದ್ರ... ಅದಕ್ಕೇನ್ರಿ ಮಾಯಾ ಇಲ್ಲಂತ ಬರದದ್ದು?"

ಶಾಸ್ತ್ರಿಗಳು ಶಿಷ್ಯನ ಕಡೆ ತಿರುಗಿದರು. "ನಾನೂ ಈ ಸೀಮ್ಯಾಗ ಹುಟ್ಟಿದಾಂವ, ನನಗೂ ಹೊಳೀಲಿಲ್ಲ. ಕಣ್ಣಿಗೆ ಹಚ್ಚಿದ ಕಾಡಿಗಿ ಕಣ್ಣಿಗೆ ಕಾಣೂದಿಲ್ಲ. ನೀ ಹೇಳು, ನಾಗಣಸೂರ ವಾಡೇದಾಗ ನಿಮ್ಮಜ್ಜನ ಮುಂದ ನಿಮ್ಮವ್ವ ನಿನ್ನ ಎತ್ತಿಕೊಂಡಿದ್ಲೇನೋ?"

ಶಾಂತಲಿಂಗಪ್ಪ ಲೇಖನಿಯನ್ನು ವಹಿಯ ಮೇಲಿಟ್ಟ. "ಒಮ್ಮೆಯೂ ಇಲ್ಲರಿ" ಎಂದ. "ಅಡಿಗಿಮನ್ಯಾಗ ಮಾತ್ರ. ಬಾಗಲಾ ಮುಚ್ಚಿ, ಬಾಯಾಗ ಬೆಲ್ಲಾ ತುರುಕಿ, ಉಸರ ಕಟ್ಟೂ ಹಂಗ ಅವಚತಿದ್ಲು."

"ಮತ್ತ ಅಕಿ ಎದಿ ಥಂಡಿ ಇತ್ತೇನು?"

ಡಾಕ್ಟರನಿಗೆ ನಗು ತಡೆಯಲಾಗಲಿಲ್ಲ. ನಗುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಆದರೂ ಅವನು ಶಾಸ್ತ್ರಿಗಳ ಶಿಷ್ಯ. ಸೋತ ವಾದದಲ್ಲಿ ಉಳಿದೊಂದು ಎಳೆಯನ್ನು ಬಿಡುವವನಲ್ಲ. "ಒಂದು ಸಂಶಯ ಉಳೀತು, ಗುರುಗಳ. ಈಗ ಮಾಯಾ ಐತಿ ಅಂತ ಕಂಡೆ. ಮೊಲಿಗೂಸಿದ್ದಾಗ ಮೂಲ್ಯಾಗ ಒಗದಿದ್ರ? ಆಗ ಬಿದ್ದ ಪೆಟ್ಟು ಈಗ ಕಾಣಬಹುದಲ್ಲ?"

ಇದಕ್ಕೆ ಉತ್ತರ ಖಂಡಪ್ಪನಿಂದ ಬಂತು.

"ತಾಯಿ ಒದ್ದ ಮರಿ ನೀವು ನೋಡಿಲ್ಲ, ಸಾಹೇಬ್ರ. ನಾ ವರ್ಷಕ್ಕ ಐದಾರು ನೋಡತೀನಿ. ಕೆಲವೊಂದು ಕುರಿ ಈದ ಮರಿಗಿ ಮಲಿ ಕೊಡೂದಿಲ್ಲ, ಒದೀತಾವ. ಆ ಮರಿ ಏನ ಮಾಡತದ ಗೊತ್ತೇನ್ರಿ? ಹಟ್ಟಿ ತುಂಬ ಒದರತದ. ಕಂಡ ಕಂಡ ಕುರಿ ಕಾಲಾಗ ನುಗ್ಗತದ. ನನ್ನ ಧೋತರಾ ಚೀಪತದ. ನಾಯಿ ಮೈಗಿ ಹತ್ತಿ ಮಲಗತದ. ಮಾಯಾ ಸಿಗದ್ದು ಮಾಯಾ ಹುಡುಕತದರಿ! ಈ ಕೂಸು ಹುಟ್ಟಿದ ಮೂರನೇ ದಿನದಿಂದ ಯಾರನ್ನೂ ಹುಡುಕಿಲ್ಲ. ತಾಯಿ ಮಡಲಾಗಿದ್ದಾಗನೂ ಅದರ ನದರ ಸೂರಿನ ಬೆಳಕಿಗಿ ಇತ್ತಂತ ನಮ್ಮ ಮನಿಯಾಕಿ ಹೇಳತಿದ್ಲು. ಒದ್ದ ಮರಿ ಬ್ಯಾರೆ, ಇದು ಬ್ಯಾರೆ. ಇದ ತಾಯಿ ಹಾಲು ಕುಡದು ಇವರಣ್ಣಗೋಳಿಬ್ಬರೂ ಬಾಯಿ ಮುಚ್ಚಲಾರದಷ್ಟು ಮಾತಾಡತಾವ."

ಶಾಸ್ತ್ರಿಗಳು ಕಾಶಿಯ ಪಂಡಿತಸಭೆಗಳಲ್ಲಿ ಕಂಡ ಎಷ್ಟೋ ದೃಷ್ಟಾಂತಗಳಿಗೆ ಇಷ್ಟು ನೆಟ್ಟನೆ ಬೆನ್ನೆಲುಬು ಇರಲಿಲ್ಲ. ಡಾಕ್ಟರ್ ಅದನ್ನೆಲ್ಲ ಅಕ್ಷರ ಬಿಡದೆ ಬರೆದುಕೊಂಡ.

"ವಿಲಾಯತಿ ಪತ್ರಿಕೆಗೆ ಬರೀತೀನಿ" ಎಂದ.

"ಬರಿ. ಖಂಡಪ್ಪನ ಹೆಸರ ಮೊದಲ ಹಾಕು. ನಂದು ಬಿಟ್ರೂ ನಡೀತದ" ಎಂದರು ಶಾಸ್ತ್ರಿಗಳು, ಕ್ಷಣ ಬಿಟ್ಟು, "ಕೆಳಗ ಸಣ್ಣ ಅಕ್ಷರದಾಗ ಹಾಕಿದ್ರೂ ಅಡ್ಡಿ ಇಲ್ಲ" ಎಂದು ಸೇರಿಸಿದರು.

ಬಳಿಕ ಅವರು ಒಬ್ಬರೇ ಅಂಗಳಕ್ಕೆ ಇಳಿದರು. ಸೋಮವ್ವ ಎದ್ದು ನಿಂತಳು. ಮಾವ ಒಳಗಿದ್ದುದರಿಂದ ಅವಳ ದನಿಗೆ ಕಂಬದ ಆಸರೆ ಬೇಕಾಗಲಿಲ್ಲ.

"ಕೂಸಿಗಿ ಬೆನ್ನು ಯಾಕ ಕೊಡತೀಯವ್ವ?" ಎಂದು ಕೇಳಿದರು.

"ಮಾರಿ ಕೊಟ್ರ ಆಕಿಗಿ ಬಿಸಲು ಬಡದಂಗ ಆಗತದರಿ ಅಪ್ಪಾರ. ಬೆನ್ನು ಕೊಟ್ರ ನೆಳ್ಳಿದ್ದಂಗ. ಎರಡ ವರ್ಷ ಹಿಡೀತು ನನಗ ಇದು ತಿಳಿಯಾಕ."

ಯಾವ ಗ್ರಂಥದ ಯಾವ ಪುಟದಲ್ಲೂ ಈ ವಾಕ್ಯವಿಲ್ಲವೆಂದು ಶಾಸ್ತ್ರಿಗಳಿಗೆ ಖಚಿತವಿತ್ತು. ಕೈಮುಗಿಸಿಕೊಳ್ಳುವ ವಯಸ್ಸು ಅವಳದಲ್ಲ, ಮುಗಿಯುವ ಪದ್ಧತಿ ತಮ್ಮದಲ್ಲ. ಆದರೂ ಎರಡೂ ಕೈ ತಾವಾಗಿ ಕೂಡಿದವು. "ಸೋಮವ್ವಾ, ಎರಡ ವರ್ಷದ ಹಿಂದ ನಿನ್ನ ಕರ್ಮ ಅಂತ ಹೇಳಿದ್ದೆ. ನಾ ಕಂಡಿರಲಿಲ್ಲ, ಕಂಡಾವ್ರಂಗ ಹೇಳಿದೆ. ಆ ಮಾತು ತಿರುಗಿ ತೊಗೊಂಡೀನಿ."

"ಮತ್ತ ಕಾರಣಾ ಏನ್ರಿ?"

"ತಿಳೀದು. ಡಾಕ್ಟರಗೂ ತಿಳೀದು. ಅಮೆರಿಕಾದಾವ್ರಿಗೂ ಇನ್ನಾ ತಿಳೀದು. ಸಂಶಯಾನೂ ಒಂದು ಪದಾರ್ಥ ಅಂತ ನಮ್ಮ ಶಾಸ್ತ್ರ ಹೇಳತದ. ಸದ್ಯ ಅದ ನಮ್ಮ ಕೈಯಾಗ ಐತಿ."

ಸೋಮವ್ವ ಸೆರಗಿನ ಒಳಗೇ ನಕ್ಕದ್ದು ಕೇಳಿಸಿತು. "ಸಾಕ್ರಿ ಅಪ್ಪಾರ. ಆರು ವರ್ಷದಾಗ ನನ್ನ ಹೆಸರಿಲ್ಲದ ಉತ್ತರಾ ಇದ ಮೊದಲು."

ಡಾಕ್ಟರ್ ಬಾಲಗೃಹದ ಕಾಗದವನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದ. ತಿಂಗಳಿಗೊಮ್ಮೆ ಕರಜಗಿಗೆ ತಾನೇ ಬಂದು, ಸೋಮವ್ವ ಮಗಳೊಡನೆ ಹೇಗೆ ಇರುತ್ತಾಳೆಂದು ನೋಡಿ ಕಲಿಯುವೆನೆಂದ. ಬರುವ ಮುಂಚೆ ಒಂದು ಕಾರ್ಡು ಹಾಕಿದರೆ ತಾನು ಹಟ್ಟಿ ಬಿಟ್ಟು ಹೊರಗೆ ಹೋಗುವೆನೆಂದು ಖಂಡಪ್ಪ ಒಪ್ಪಿದ.

ಸಂಜೆಯ ಬಸ್ಸಿಗೆ ಹೊರಟಾಗ ಖಂಡಪ್ಪ ಗಂಭೀರನಾಗಿದ್ದ. ತಲೆತಲಾಂತರದ ಮರ್ಯಾದೆಯನ್ನು ಒಂದು ಮಧ್ಯಾಹ್ನದಲ್ಲಿ ಮುರಿಯಲು ಅವನಿಂದಾಗದು, ಸೊಸೆಯಿಂದಲೂ ಆಗದು. ಬೀದಿಗಿಳಿದವನು ಇದ್ದಕ್ಕಿದ್ದಂತೆ ಬಿರಬಿರನೆ ಇಪ್ಪತ್ತು ಹೆಜ್ಜೆ ಮುಂದಾದ. ಬಸ್ಸಿನಲ್ಲಿ ಡ್ರೈವರನ ಬೆನ್ನ ಹಿಂದಿನ ಮೊದಲ ಸೀಟು ಹಿಡಿದು, ಶಾಸ್ತ್ರಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ತಾಯಿಮಗಳು ಎಲ್ಲರಿಗಿಂತ ಹಿಂದೆ. ವಳಸಂಗ ದಾಟುವ ಹೊತ್ತಿಗೆ ಇಂಜಿನಿನ ಸದ್ದಿನೊಳಗೆ ಇನ್ನೊಂದು ಗುಂಯ್‌ಕಾರ ಸೇರಿಕೊಂಡದ್ದು ಶಾಸ್ತ್ರಿಗಳ ಕಿವಿಗೆ ಬಿತ್ತು. ಈ ಸಲ ಅದು ಒಂದು ದನಿಯಲ್ಲ, ದೊಡ್ಡದರ ಹಿಂದೆ ಚಿಕ್ಕದೊಂದು. ಅವರ ಕೊರಳು ತಾನಾಗಿ ಹಿಂದಕ್ಕೆ ಹೊರಳಿತು.

ಖಂಡಪ್ಪ ಕಣ್ಣು ರಸ್ತೆಯಿಂದ ಕೀಳದೆ, ಮೊಳಕೈಯಿಂದ ಅವರ ಪಕ್ಕೆಗೆ ತಿವಿದ.

"ಮುಂದ ನೋಡ್ರಿ ಅಯ್ಯನೋರ! ಮಾವ ಕುಂತಾನ ಅಂತ ಆಕಿಗಿ ನೆನಪ ಆದೀತು."